ಜೋತುಬಿದ್ದ ರೂಫ್ ಲೈನಿಂಗ್‌ಗೆ ಬಿಸಿ ತಾಳುವ ಸ್ಪ್ರೇ ಅಂಟು: ಬಳಸಿದ ಮೇಲಿನ ಅಭಿಪ್ರಾಯ

ನಮ್ಮ ಹಳೆಯ ಕಾರಿನ ರೂಫ್ ಲೈನಿಂಗ್, ಅಂದರೆ ಚಾವಣಿಯ ಒಳಬದಿಗೆ ಹೊದಿಸಿದ ಬಟ್ಟೆ, ಜೋತುಬಿದ್ದು, ಒಳಗನ್ನಡಿಯಲ್ಲಿ ಹಿಂದಿನ ಗಾಜೇ ಕಾಣದಷ್ಟು ಅಡ್ಡವಾಗತೊಡಗಿದ್ದರಿಂದ, ಈ ಕೆಲಸಕ್ಕೆಂದೇ ಸಿಗುವ ಬಿಸಿ ತಾಳುವ ಸ್ಪ್ರೇ ಅಂಟನ್ನೂ ಹಿಂಬದಿಗೆ ಫೋಮ್ ಕೂಡಿಸಿದ ಹೊಸ ಬಟ್ಟೆಯನ್ನೂ ತಂದು ಚಾವಣಿಯನ್ನು ಪೂರ್ತಿ ಹೊಸದಾಗಿ ಹೊದಿಸಿದೆ. ಒಂದು ಬೇಸಿಗೆ ಕಳೆದ ಮೇಲೂ ಬಟ್ಟೆ ಎಲ್ಲಿಯೂ ಬಿಟ್ಟುಕೊಂಡಿಲ್ಲ. ಆದ್ದರಿಂದ ಈ ಅಂಟನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ; ಆದರೆ ಹಳೆಯ ಫೋಮನ್ನು ಚೂರೂ ಉಳಿಯದಂತೆ ತೆಗೆಯುವ ತಾಳ್ಮೆ ಇದ್ದವರಿಗೆ ಮಾತ್ರ.

ಬಟ್ಟೆಗೂ ಅದರ ಮೇಲಿನ ಗಟ್ಟಿ ಬೋರ್ಡಿಗೂ ನಡುವೆ ಕೆಲವೇ ಮಿಲಿಮೀಟರ್ ದಪ್ಪದ ಪಾಲಿಯುರೆಥೇನ್ ಫೋಮ್ ಇರುತ್ತದೆ. ವರ್ಷಗಟ್ಟಲೆ ಬಿಸಿಲಿನ ಕಾವು ಮತ್ತು ಗಾಳಿಯ ತೇವಾಂಶ ತಗುಲಿ ಈ ಫೋಮ್ ಶಿಥಿಲವಾಗುತ್ತದೆ. ಬಟ್ಟೆಯನ್ನು ಎಳೆದು ತೆಗೆದಾಗ ಅದು ಕಂದು ಹಳದಿ ಬಣ್ಣದ, ಬೆರಳಿಗೆ ಅಂಟಿಕೊಳ್ಳುವ ಪುಡಿಯಾಗಿ ಉದುರುವುದನ್ನು ನೋಡಿದರೆ, ಜೋತುಬಿದ್ದ ಬಟ್ಟೆಯ ಹಿಂದೆ ಸಿರಿಂಜಿನಿಂದ ಅಂಟು ಬಿಡುವ ಉಪಾಯ ಏಕೆ ನಿಲ್ಲುವುದಿಲ್ಲ ಎಂಬುದು ತಾನಾಗಿಯೇ ತಿಳಿಯುತ್ತದೆ. ಅಂಟು ಎಷ್ಟೇ ಬಲವಾಗಿದ್ದರೂ ಅದು ಹಿಡಿದುಕೊಳ್ಳುವುದು ಪುಡಿಯನ್ನು. ಆ ಪುಡಿಯೇ ಬೋರ್ಡಿನಿಂದ ಕಳಚಿಕೊಂಡರೆ ಬಟ್ಟೆಯೂ ಜೊತೆಗೇ ಬರುತ್ತದೆ. ತಿರುಗಿಸಿ ಕೂರಿಸುವ ಪಿನ್ನುಗಳು ಇದಕ್ಕಿಂತ ಮೇಲು, ಏಕೆಂದರೆ ಅವು ಕಲೆ ಮಾಡುವುದಿಲ್ಲ, ಸರಿಯಾದ ದುರಸ್ತಿಗೆ ಬಿಡುವು ಸಿಗುವವರೆಗೆ ಬಟ್ಟೆಯನ್ನು ತಲೆಗೆ ತಾಗದಂತೆ ಎತ್ತಿ ಹಿಡಿಯುತ್ತವೆ.

ಬೋರ್ಡನ್ನು ಹೊರತೆಗೆಯುವುದಕ್ಕೆ ಸನ್ ವೈಸರ್, ಕೈಹಿಡಿಗಳು, ಒಳಗಿನ ದೀಪ, ಪಿಲ್ಲರ್‌ಗಳ (ಚಾವಣಿಯನ್ನು ಹೊತ್ತ ಕಂಬಗಳ) ಪ್ಲಾಸ್ಟಿಕ್ ಹೊದಿಕೆ ಹಾಗೂ ಬಾಗಿಲಿನ ರಬ್ಬರ್ ಬೀಡಿಂಗ್ ಬಿಚ್ಚಬೇಕು. ಚಾವಣಿಯ ಅಂಚಿನಲ್ಲಿ ಕರ್ಟನ್ ಏರ್‌ಬ್ಯಾಗ್ (ಅಪಘಾತದಲ್ಲಿ ಪಕ್ಕದ ಕಿಟಕಿಗಳ ಮೇಲೆ ಪರದೆಯಂತೆ ಉಬ್ಬುವ ಗಾಳಿಚೀಲ) ಇರುವ ಕಾರಾದರೆ ಬ್ಯಾಟರಿಯ ಸಂಪರ್ಕ ತಪ್ಪಿಸಿ, ತಯಾರಕರು ಹೇಳಿದಷ್ಟು ಹೊತ್ತು ಕಾಯದೆ ಕೈ ಹಾಕಲೇಬಾರದು. ಬೋರ್ಡನ್ನು ಮಡಚಿ ಎಳೆದರೆ ಬಿರುಕು ಬಿಟ್ಟು, ಆ ಗೆರೆ ಹೊಸ ಬಟ್ಟೆಯ ಮೇಲೂ ಎದ್ದು ಕಾಣುತ್ತದೆ.

ಉಜ್ಜುವ ಕೆಲಸವೇ ಈ ದುರಸ್ತಿಯ ಮುಕ್ಕಾಲು ಪಾಲು. ಗಡಸು ನೈಲಾನ್ ಬ್ರಷ್ಷಿನಿಂದ, ಬೋರ್ಡಿನ ಮೇಲ್ಪದರ ಕಿತ್ತುಬಾರದಂತೆ ಹದವಾಗಿ ಉಜ್ಜಿ, ವ್ಯಾಕ್ಯೂಮ್ ಹಿಡಿದು, ಅಂಗೈ ಸವರಿದಾಗ ಪುಡಿ ಹತ್ತದಿರುವವರೆಗೆ ಅದನ್ನೇ ಮುಂದುವರಿಸಬೇಕು. ಹಲವು ಬೋರ್ಡುಗಳಲ್ಲಿ ಫೈಬರ್‌ಗ್ಲಾಸ್ ಇರುವುದರಿಂದ ಮಾಸ್ಕ್ ಮತ್ತು ಕೈಗವಸು ಇಲ್ಲದೆ ಇದನ್ನು ಮಾಡುವುದು ಆರೋಗ್ಯಕ್ಕೆ ಒಳ್ಳೆಯದಲ್ಲ.

ಇನ್ನು ಅಂಟಿನ ಗುಣದ ವಿಚಾರ. ಬಿಸಿಲಲ್ಲಿ ನಿಂತ ಕಾರಿನೊಳಗೆ ಚಾವಣಿಯ ಬಳಿಯ ಕಾವು 60 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರಬಹುದಾದ್ದರಿಂದ, ಕಾಗದ ಮತ್ತು ಕರಕುಶಲ ಕೆಲಸಕ್ಕೆಂದು ಮಾರುವ ಸಾಧಾರಣ ಸ್ಪ್ರೇ ಇಲ್ಲಿ ಮೆತ್ತಗಾಗಿ ಕೈಕೊಡುತ್ತದೆ. ನಾನು ಬಳಸಿದ ಡಬ್ಬಿಯಿಂದ ಅಂಟು ಹನಿಹನಿಯಾಗಿ ಬೀಳದೆ ಸಣ್ಣ ಬಲೆಯಂತೆ ಸಮನಾಗಿ ಹರಡಿತು, ಫೋಮ್ ಅದನ್ನು ಹೀರಿಕೊಳ್ಳಲಿಲ್ಲ, ಬಟ್ಟೆಯ ಮುಖಕ್ಕೆ ಕಲೆಯೂ ಇಳಿಯಲಿಲ್ಲ. ಬೋರ್ಡಿಗೂ ಫೋಮಿಗೂ ಎರಡಕ್ಕೂ ಹೊಡೆದು, ಮುಟ್ಟಿದರೆ ಜಿಗುಟಾಗಿದ್ದು ಬೆರಳಿಗೆ ಬರದ ಹದಕ್ಕೆ ಆರಿದ ಮೇಲೆ, ಬಟ್ಟೆಯನ್ನು ಅರ್ಧ ಮಡಚಿಟ್ಟು ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಸವರುತ್ತಾ ಹೋಗಬೇಕು. ದೀಪದ ಸುತ್ತಲಿನ ತಗ್ಗುಗಳಲ್ಲಿ ಬಟ್ಟೆಯನ್ನು ಮೊದಲು ಒಳಕ್ಕೆ ಕೂರಿಸದೆ ಮೇಲಿಂದ ಎಳೆದು ಅಂಟಿಸಿದರೆ ಅಲ್ಲಿಂದಲೇ ಅದು ಮತ್ತೆ ಏಳುತ್ತದೆ.

ಕೊರತೆಗಳೂ ಇವೆ. ವಾಸನೆ ತೀಕ್ಷ್ಣವಾಗಿದೆ, ಬೇಗ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಬೆಂಕಿಯಿಂದ ದೂರ, ಬಯಲಿನಲ್ಲಿಯೇ ಬಳಸಬೇಕು; ಒಮ್ಮೆ ಹಿಡಿದ ಬಟ್ಟೆಯನ್ನು ಸರಿಸಲು ಬರುವುದಿಲ್ಲವಾದ್ದರಿಂದ ಇನ್ನೊಬ್ಬರ ಕೈ ಜೊತೆಗಿರುವುದು ಅಗತ್ಯ. ಡಬ್ಬಿಯ ಮೇಲಿನ ಸೂಚನೆಯಲ್ಲಿ ಹಳೆಯ ಫೋಮ್ ತೆಗೆಯುವ ವಿಷಯ ಒಂದೇ ಸಾಲಿನಲ್ಲಿ ಮುಗಿದಿರುವುದು ನನಗೆ ಸರಿಯೆನಿಸಲಿಲ್ಲ. ಸನ್‌ರೂಫ್ ಇರುವ ಕಾರುಗಳಲ್ಲಿ ಆ ತೆರಪಿನ ಸುತ್ತ ಬಟ್ಟೆ ಮಡಚಿ ಕೂರಿಸುವುದು ಸೂಕ್ಷ್ಮವಾದ ಕೆಲಸವಾದ್ದರಿಂದ, ಅಂಥವರು ಸೀಟ್ ಕವರ್ ಹೊಲಿಯುವ ಅನುಭವಸ್ಥ ಕುಶನ್ ಕೆಲಸದವರಿಗೇ ಅದನ್ನು ಒಪ್ಪಿಸಿ, ಹಳೆಯ ಫೋಮ್ ತೆಗೆದ ಬೋರ್ಡನ್ನು ಅಂಟು ಹಚ್ಚುವ ಮೊದಲು ತಮಗೆ ತೋರಿಸುವಂತೆ ಕೇಳುವುದು ಲೇಸು.