ಕತ್ತಿನ ಗುಳ್ಳೆಗಳಿಗೆ ಲೇಸರ್: ವರ್ಷ ದಾಟಿದ ಮೇಲೆ ನನ್ನ ಅಭಿಪ್ರಾಯ

ಲೇಸರ್‌ನಿಂದ ನನ್ನ ಕತ್ತಿನ ಕೂದಲು ಪೂರ್ತಿಯಾಗಿ ಹೋಗಿಲ್ಲ. ಆದರೆ ಕೂದಲು ಚರ್ಮದೊಳಗೇ ಬೆಳೆದು ಏಳುತ್ತಿದ್ದ ಗುಳ್ಳೆಗಳು ಬಹುಮಟ್ಟಿಗೆ ನಿಂತಿವೆ. ಅದೂ ಕೂದಲು ಗಮನಾರ್ಹವಾಗಿ ಕಡಿಮೆಯಾಗುವುದಕ್ಕೆ ಬಹಳ ಮೊದಲೇ. ಈ ಎರಡನೆಯ ಸಂಗತಿಯನ್ನು ಹಣ ಕಟ್ಟಿಸಿಕೊಳ್ಳುವಾಗ ನನಗೆ ಯಾರೂ ಹೇಳಲಿಲ್ಲ.

ನನ್ನ ಮನೆ ಮಂಡ್ಯದಲ್ಲಿ, ಕೆಲಸ ಮೈಸೂರಿನ ಹೋಟೆಲೊಂದರ ಸ್ವಾಗತ ವಿಭಾಗದಲ್ಲಿ. ದಿನವೂ ನುಣ್ಣಗೆ ಶೇವ್ ಮಾಡಿಕೊಂಡು, ಕಾಲರ್ ಬಿಗಿದು ನಿಲ್ಲಬೇಕು. ಗುಂಗುರು ಗಡ್ಡದವರಿಗೆ ಇದು ಎಂಥ ಶಿಕ್ಷೆ ಎಂಬುದು ಗೊತ್ತಿರುತ್ತದೆ. ಬ್ಲೇಡಿಗೆ ಸಿಕ್ಕಿದ ಕೂದಲಿನ ತುದಿ ಚೂಪಾಗಿ, ಹೊರಬಂದ ಮೇಲೆ ಬಾಗಿ, ಮತ್ತೆ ಚರ್ಮಕ್ಕೇ ಚುಚ್ಚಿಕೊಳ್ಳುತ್ತದೆ. ಹಲವು ಅಲಗುಗಳ ರೇಜರ್ ಬಳಸಿದರಂತೂ ಕೂದಲನ್ನು ಎಳೆದು ಕತ್ತರಿಸುವುದರಿಂದ ತುದಿಯು ಚರ್ಮದ ಮಟ್ಟಕ್ಕಿಂತ ಕೆಳಗೆ ಸರಿದು, ಹೊರಗೆ ಬರುವ ಮೊದಲೇ ಪಕ್ಕಕ್ಕೆ ತೂರಿಕೊಳ್ಳುತ್ತದೆ. ಗುಳ್ಳೆ ಆರಿದರೂ ನಮ್ಮಂಥ ಕಂದು ಚರ್ಮದವರಿಗೆ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ನಮ್ಮ ಬೀದಿಯ ಕ್ಷೌರದಂಗಡಿಯವರು ಪಟಿಕ ಉಜ್ಜಿ, "ಇದು ಉಷ್ಣ ಸಾರ್, ಎಳನೀರು ಕುಡೀರಿ" ಎಂದಿದ್ದರು. ಮದ್ದೂರಿನ ಪಕ್ಕದಲ್ಲಿರುವವರಿಗೆ ಎಳನೀರಿಗೇನು ಬರ? ಕುಡಿದೆ, ಹೊಟ್ಟೆ ತಂಪಾಯಿತು, ಕತ್ತು ಹಾಗೆಯೇ ಇತ್ತು.

ಗಡ್ಡ ಬಿಡಲು ಅಡ್ಡಿಯಿಲ್ಲದವರು ಈ ವಿಮರ್ಶೆಯನ್ನು ಇಲ್ಲಿಗೇ ನಿಲ್ಲಿಸಬಹುದು. ಶೇವ್ ಮಾಡುವುದನ್ನು ಒಂದು ತಿಂಗಳಷ್ಟು ಬಿಟ್ಟರೆ ಹೆಚ್ಚಿನವರ ಗುಳ್ಳೆಗಳು ತಾವಾಗಿಯೇ ಇಳಿಯುತ್ತವೆ, ಅದಕ್ಕೆ ಕಾಸು ಖರ್ಚಿಲ್ಲ. ನನಗೆ ಆ ಅವಕಾಶ ಇರಲಿಲ್ಲ.

ಮೈಸೂರಿನ ಚರ್ಮದ ಕ್ಲಿನಿಕ್ ಒಂದಕ್ಕೆ ಹೋದಾಗ ವೈದ್ಯರು ಮೊದಲು ನೋಡಿದ್ದು ನನ್ನ ಚರ್ಮದ ಬಣ್ಣವನ್ನು, ಆಮೇಲೆ ಗುಳ್ಳೆಗಳನ್ನು. ಅದು ಸರಿಯಾದ ಕ್ರಮವೆಂದು ಈಗ ಅನಿಸುತ್ತದೆ. ಲೇಸರ್‌ನ ಬೆಳಕನ್ನು ಹೀರುವುದು ಕೂದಲಿಗೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತು. ಅದೇ ಮೆಲನಿನ್ ಕಂದು ಚರ್ಮದ ಮೇಲ್ಪದರದಲ್ಲಿಯೂ ಧಾರಾಳವಾಗಿ ಇರುವುದರಿಂದ, 755 ನ್ಯಾನೋಮೀಟರ್ ತರಂಗಾಂತರದ ಅಲೆಕ್ಸಾಂಡ್ರೈಟ್‌ನಂಥ ಲೇಸರ್ ಬಳಸಿದರೆ ಚರ್ಮವೇ ಸುಟ್ಟುಕೊಳ್ಳುವ ಅಪಾಯ ಹೆಚ್ಚು. 1064 ನ್ಯಾನೋಮೀಟರ್‌ನ ಎನ್‌ಡಿ ಯಾಗ್ ಲೇಸರನ್ನು ಮೇಲ್ಪದರದ ಮೆಲನಿನ್ ಕಡಿಮೆ ಹೀರುತ್ತದೆ, ಕಿರಣ ಆಳಕ್ಕೆ ಇಳಿಯುತ್ತದೆ. ಹಾಗಾಗಿ ನನಗೆ ಅದನ್ನೇ ಆರಿಸಿದರು. ಬಣ್ಣವನ್ನು ನೋಡದೆ, ಯಾವ ಯಂತ್ರವೆಂದು ಹೇಳದೆ, ನೇರವಾಗಿ ದರದ ಪಟ್ಟಿ ಕೊಡುವ ಕಡೆ ಕತ್ತು ಒಡ್ಡುವುದು ಬೇಡ.

ಪ್ರತಿ ಸಲದ ತಯಾರಿ ನನಗೊಂದು ವ್ರತದಂತೆ ಆಗಿಹೋಯಿತು. ಕಿರಣ ತಾಗಬೇಕಾದದ್ದು ಚರ್ಮದೊಳಗಿನ ಬುಡಕ್ಕೆ, ಆದ್ದರಿಂದ ಚಿಮಟದಿಂದ ಕೀಳುವುದು, ದಾರದಿಂದ ತೆಗೆಸುವುದು, ವ್ಯಾಕ್ಸ್ ಹಾಕುವುದು ವಾರಗಳ ಮೊದಲೇ ನಿಲ್ಲಬೇಕು. ಶೇವ್ ಮಾತ್ರ ಮಾಡಬಹುದು. ಹಿಂದಿನ ರಾತ್ರಿ ಊಟವಾದ ಮೇಲೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಕತ್ತಿಗೆ ಸುತ್ತಿಕೊಂಡು ಸ್ವಲ್ಪ ಹೊತ್ತು ಕೂತು, ಒಂದೇ ಅಲಗಿನ ರೇಜರ್‌ನಿಂದ ಕೂದಲು ಬೆಳೆದ ದಿಕ್ಕಿನಲ್ಲಿಯೇ ನಿಧಾನವಾಗಿ ಕೆಳಗಿಳಿಸುತ್ತಿದ್ದೆ. ಮರುದಿನ ಸೆಂಟು, ಸುವಾಸನೆಯ ಲೋಷನ್ ಯಾವುದೂ ಇಲ್ಲ. ಕ್ಲಿನಿಕ್‌ನಲ್ಲಿ ಕಣ್ಣಿಗೆ ಕಪ್ಪು ಕನ್ನಡಕ, ಕತ್ತಿಗೆ ತಣ್ಣನೆಯ ಜೆಲ್, ಚುರುಕ್ ಚುರುಕ್ ಎನ್ನುವ ಹೊಡೆತ, ಕೂದಲು ಸುಟ್ಟ ವಾಸನೆ. ದವಡೆಯ ಮೂಳೆಯ ಮೇಲೆ ನೋವು ನಿಜವಾಗಿಯೂ ಇದೆ, ಇಲ್ಲವೆನ್ನುವವರನ್ನು ನಂಬಬೇಡಿ. ಆಮೇಲೆ ಬಿಸಿಲು ತಾಗಬಾರದೆಂದು ಸಂಜೆಯ ರೈಲನ್ನೇ ಹಿಡಿದು, ಕತ್ತಿಗೆ ಹತ್ತಿಯ ಶಾಲು ಸುತ್ತಿ ಮಂಡ್ಯಕ್ಕೆ ಮರಳುತ್ತಿದ್ದೆ. ಒಂದೆರಡು ವಾರದೊಳಗೆ, ಮತ್ತೆ ಬೆಳೆಯುತ್ತಿದೆಯೋ ಎಂದು ಭಯ ಹುಟ್ಟಿಸಿದ ಮೋಟು ಕೂದಲುಗಳು ಸ್ನಾನದ ಟವೆಲಿಗೆ ಅಂಟಿಕೊಂಡು ಉದುರತೊಡಗುತ್ತಿದ್ದವು. ಈ ಇಡೀ ವ್ಯವಹಾರದಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟದ್ದು ಆ ಟವೆಲ್.

ಕಿರಣಕ್ಕೆ ಸಿಗುವುದು ಆಗ ಬೆಳವಣಿಗೆಯ ಹಂತದಲ್ಲಿರುವ ಕೂದಲು ಮಾತ್ರ, ಬೆಳೆಯದೆ ವಿಶ್ರಾಂತಿಯಲ್ಲಿರುವುದು ಸಿಗುವುದಿಲ್ಲ. ಅದಕ್ಕಾಗಿಯೇ ಮುಖ ಮತ್ತು ಕತ್ತಿಗೆ ಸಾಮಾನ್ಯವಾಗಿ 4ರಿಂದ 6 ವಾರಗಳ ಅಂತರದಲ್ಲಿ ಮತ್ತೆ ಮತ್ತೆ ಮಾಡಿಸಬೇಕು. ಆದರೆ ಆರಂಭದ ಕೆಲವು ಸಲಗಳಲ್ಲಿಯೇ, ಕೂದಲಿನ ಸಂಖ್ಯೆ ಹೆಚ್ಚೇನೂ ಇಳಿಯದಿದ್ದಾಗಲೂ, ಬಂದ ಕೂದಲು ತೆಳ್ಳಗೆ, ಮೆತ್ತಗೆ ಬರತೊಡಗಿತು. ಮೆತ್ತಗಿನ ಕೂದಲಿಗೆ ಚರ್ಮವನ್ನು ತೂರುವ ಬಲವಿಲ್ಲ. ಬೆರಳಿನ ಹಿಂಬದಿಯಿಂದ ಕತ್ತು ಸವರಿದರೆ ಗಂಟು ಸಿಗದ ಬೆಳಗುಗಳು ಬಂದವು, ಬಿಳಿ ಕಾಲರ್‌ನ ಒಳಗೆ ರಕ್ತದ ಚುಕ್ಕೆ ನಿಂತಿತು. ಗುಳ್ಳೆಯೇ ಸಮಸ್ಯೆಯಾಗಿದ್ದವನಿಗೆ ಚಿಕಿತ್ಸೆ ಅಲ್ಲಿಗೆ ಮುಗಿದಂತೆಯೇ.

ಕ್ಲಿನಿಕ್‌ನ ಹಣದ ಮೇಜಿಗೆ ಮಾತ್ರ ಅದು ಮುಗಿದಿರಲಿಲ್ಲ. ಮೊದಲೇ ಹಣ ಕಟ್ಟಿದ್ದ ಉಳಿದ ಸಲಗಳನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುತ್ತೇನೆ ಎಂದರೆ ಅವಧಿ ಮುಗಿಯುತ್ತದೆ ಎಂದರು, ಹಣ ಹಿಂದಿರುಗಿಸುವ ಪದ್ಧತಿ ಇಲ್ಲವೆಂದರು, ಆ ಮಾತಿನ ನಡುವೆಯೇ ಕೆನ್ನೆಗೂ ಸೇರಿಸಿದರೆ ರಿಯಾಯಿತಿ ಇದೆ ಎಂದರು. ಕೆನ್ನೆಯಲ್ಲಿ ನನಗೆ ಗುಳ್ಳೆಯೇ ಇಲ್ಲ. ವೈದ್ಯರ ಕೈಗುಣದ ಬಗ್ಗೆ ನನ್ನದು ಒಂದೂ ದೂರಿಲ್ಲ, ಆ ಮೇಜಿನ ಬಗ್ಗೆ ಇದೆ. ಹೋಟೆಲಿನವನಾಗಿ ಹೇಳುತ್ತೇನೆ, ಅತಿಥಿ ತಂಗದ ಕೋಣೆಗೆ ನಾವು ಹೀಗೆ ಬಾಡಿಗೆ ಹಿಡಿದುಕೊಂಡರೆ ಸ್ವಾಗತದ ಮೇಜೇ ಉಳಿಯುವುದಿಲ್ಲ.

ಎಲ್ಲವೂ ಶಾಶ್ವತವಾಗಿ ಹೋಗಲೇಬೇಕು ಎನ್ನುವವರು ಬೇರೊಂದು ಸಂಗತಿಯನ್ನು ತಿಳಿದಿರಲಿ. ಔಷಧ ಮತ್ತು ವೈದ್ಯಕೀಯ ಉಪಕರಣಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಲೇಸರ್ ಯಂತ್ರಗಳಿಗೆ ಒಪ್ಪಿರುವುದು ಕೂದಲನ್ನು ದೀರ್ಘಕಾಲ ಕಡಿಮೆ ಮಾಡುವುದನ್ನು ಮಾತ್ರ. ಗಂಡಸಿನ ಗಡ್ಡಕ್ಕೆ ಹಾರ್ಮೋನಿನ ಒತ್ತಾಸೆ ಇರುವುದರಿಂದ ಆಗಾಗ ಒಂದು ಸಲ ಮತ್ತೆ ಮಾಡಿಸಬೇಕಾಗುತ್ತದೆ. ಬಿಳಿ ಕೂದಲಿನಲ್ಲಿ ಮೆಲನಿನ್ ಇಲ್ಲದಿರುವುದರಿಂದ ಲೇಸರ್ ಅದನ್ನು ಮುಟ್ಟುವುದೇ ಇಲ್ಲ. ನನ್ನ ಗದ್ದದ ಕೆಳಗಿನ ನಾಲ್ಕಾರು ನರೆಗೂದಲು ಮೊದಲಿನಂತೆಯೇ ನಿಂತಿವೆ. ಅವಕ್ಕಿರುವುದು ಎಲೆಕ್ಟ್ರಾಲಿಸಿಸ್: ಒಂದೊಂದೇ ಕೂದಲಿನ ಬುಡಕ್ಕೆ ಸೂಕ್ಷ್ಮ ಸೂಜಿ ಇಳಿಸಿ ವಿದ್ಯುತ್ ಹರಿಸಿ ಬೇರನ್ನು ನಾಶ ಮಾಡುವ ವಿಧಾನ. ಇದು ಹುಟ್ಟಿದ್ದೇ ನಮ್ಮಂಥವರ ತೊಂದರೆಯಿಂದ. ಅಮೆರಿಕದ ಕಣ್ಣಿನ ವೈದ್ಯ ಚಾರ್ಲ್ಸ್ ಮಿಷೆಲ್ 1875ರಲ್ಲಿ ಒಳಮುಖವಾಗಿ ಬೆಳೆದು ಕಣ್ಣಿಗೆ ಚುಚ್ಚುವ ರೆಪ್ಪೆಗೂದಲನ್ನು ಹೀಗೆ ತೆಗೆದುದನ್ನು ವರದಿ ಮಾಡಿದರು. ಬಣ್ಣ ಯಾವುದಾದರೂ ಆಗುತ್ತದೆ, ಆದರೆ ಇಡೀ ಕತ್ತಿಗೆ ಮಾಡಿಸಲು ಬೇಕಾದ ತಾಳ್ಮೆ ಮತ್ತು ರಜೆ ನನ್ನಲ್ಲಿಲ್ಲ.

ನನ್ನ ತಂಗಿ ಗದ್ದದ ಕೂದಲಿಗೆ, "ಅಣ್ಣ, ನಾನೂ ಮಾಡಿಸಲಾ?" ಎಂದು ಕೇಳಿದಾಗ ಮೊದಲು ಹಾರ್ಮೋನ್ ಪರೀಕ್ಷೆ ಮಾಡಿಸಿಕೋ ಎಂದೆ. ಪಿಸಿಓಎಸ್ ಎಂಬ, ಹೆಂಗಸರ ಹಾರ್ಮೋನಿನ ಏರುಪೇರಿನ ತೊಂದರೆ ಇರುವವರಿಗೆ ಕೂದಲು ಹೊಸದಾಗಿ ಬರುತ್ತಲೇ ಇರುತ್ತದೆ, ಕೆಲವೊಮ್ಮೆ ಮುಖದ ಲೇಸರ್‌ನಿಂದಲೇ ಅದು ಹೆಚ್ಚುವುದೂ ಉಂಟು.

ಈಗ ದಿನ ಬಿಟ್ಟು ದಿನ ಶೇವ್ ಮಾಡಿದರೆ ಸಾಕಾಗುತ್ತಿದೆ, ಹಳೆಯ ಕಲೆಗಳು ಸನ್‌ಸ್ಕ್ರೀನ್‌ನ ಸಹಾಯದಿಂದ ನಿಧಾನವಾಗಿ ಮಾಸುತ್ತಿವೆ. ಬೇಸಿಗೆ ಕಳೆದ ಮೇಲೆ ಅದೇ ವೈದ್ಯರಲ್ಲಿ ಒಮ್ಮೆ ಮಾಡಿಸುತ್ತೇನೆ. ಆದರೆ ಕೊಡುವುದು ಆ ಒಂದು ಸಲದ ಹಣ ಮಾತ್ರ ಎಂದು ಮೇಜಿನವರಿಗೆ ಈಗಲೇ ಹೇಳಿಟ್ಟಿದ್ದೇನೆ.