ಉಡುಪಿಯ ಸರ್ಕಾರಿ ಹೈಸ್ಕೂಲು: ಎಂಟನೇ ಕ್ಲಾಸಿಗೆ ಸೇರಿಸುವ ಮುಂಚೆ

ಮೇ ತಿಂಗಳಲ್ಲಿ ಉಡುಪಿಯಿಂದ ಬ್ರಹ್ಮಾವರ, ಕೋಟದ ಕಡೆಗೆ ಹೋದರೆ ಹೈಸ್ಕೂಲುಗಳ ಗೇಟಿನಲ್ಲಿ ಹೊಸ ಫ್ಲೆಕ್ಸ್‌ಗಳು ತೂಗುತ್ತಿರುತ್ತವೆ. 625ಕ್ಕೆ 600 ದಾಟಿದ ಮಕ್ಕಳ ಫೋಟೊ, ಅಡಿಯಲ್ಲಿ ಶಾಲೆಯ ಫಲಿತಾಂಶ. ಮಗುವನ್ನು ಎಂಟಕ್ಕೆ ಎಲ್ಲಿ ಹಾಕುವುದು ಎಂದು ಲೆಕ್ಕ ಹಾಕುವ ಹೆತ್ತವರು ಮೊದಲು ಓದುವುದು ಇದನ್ನೇ. ಸರ್ಕಾರಿ ಹೈಸ್ಕೂಲನ್ನು ಒಂದು ಸೇವೆಯಂತೆ ಎದುರಿಗಿಟ್ಟುಕೊಂಡು, ಅಲ್ಲಿ ಏನು ಸಿಗುತ್ತದೆ, ಏನು ಕೈಕೊಡುತ್ತದೆ ಎಂದು ನೋಡಹೊರಟರೆ ಆ ಫ್ಲೆಕ್ಸ್‌ನಿಂದ ತಿಳಿಯುವುದು ಬಹಳ ಕಡಿಮೆ.

ಈ ಕರಾವಳಿಯಲ್ಲಿ ಫಲಿತಾಂಶ ಒಳ್ಳೆಯದಿರುವುದು ಹೊಸ ಸುದ್ದಿಯೇನಲ್ಲ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಪರೀಕ್ಷಾ ಕೋಣೆಗೆ ಕ್ಯಾಮೆರಾ ಕಣ್ಗಾವಲು (ವೆಬ್‌ಕಾಸ್ಟಿಂಗ್) ಬಂದು ರಾಜ್ಯದ ಫಲಿತಾಂಶ ಶೇ. 73.40ಕ್ಕೆ ಇಳಿದಾಗಲೂ ಉಡುಪಿ ಶೇ. 94ರೊಂದಿಗೆ ಮೊದಲನೆಯದು, ದಕ್ಷಿಣ ಕನ್ನಡ ಶೇ. 92.12ರೊಂದಿಗೆ ಎರಡನೆಯದು. 2025ರಲ್ಲಿ ಜಾಗ ಅದಲುಬದಲಾಯಿತು: ದಕ್ಷಿಣ ಕನ್ನಡ 91.12, ಉಡುಪಿ 89.96. ಹತ್ತರಲ್ಲಿ ಒಂಬತ್ತು ಮಕ್ಕಳು ಪಾಸಾಗುವ ಜಿಲ್ಲೆಯಲ್ಲಿ ಪಾಸಾದವರ ಪ್ರಮಾಣ ನೋಡಿ ಶಾಲೆ ಆರಿಸುವುದೆಂದರೆ ಮೀನಿನ ತಾಜಾತನವನ್ನು ತಕ್ಕಡಿಯಲ್ಲಿ ತೂಗಿದ ಹಾಗೆ. ಮೇಲಾಗಿ ನಮ್ಮ ಹಳ್ಳಿ ಹೈಸ್ಕೂಲುಗಳಲ್ಲಿ ಹತ್ತನೇ ತರಗತಿಗೆ ಇಪ್ಪತ್ತೇ ಮಕ್ಕಳಿರುವುದೂ ಉಂಟು. ಅಲ್ಲಿ ಒಬ್ಬ ಫೇಲಾದರೆ ಶೇ. 95, ಇಬ್ಬರಾದರೆ ಶೇ. 90. ಹೋದ ವರ್ಷಕ್ಕೂ ಈ ವರ್ಷಕ್ಕೂ ಇರುವ ವ್ಯತ್ಯಾಸ ಒಂದು ಮಗುವಿನದ್ದಿರಬಹುದು, ಶಾಲೆಯದ್ದೇ ಎನ್ನಲಾಗದು.

ನೋಡಬೇಕಾದ್ದು ವೇಳಾಪಟ್ಟಿಯನ್ನು, ಅದರಲ್ಲೂ ಎಂಟನೆಯದನ್ನು.

ತರಗತಿಗೆ ಒಂದೇ ವಿಭಾಗವಿರುವ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ-ವಿಜ್ಞಾನ ನಿಂತಿರುವುದು ಇಬ್ಬರ ಮೇಲೆ. ಪಿಸಿಎಂ (ಭೌತ-ರಸಾಯನ-ಗಣಿತ ಓದಿದ) ಶಿಕ್ಷಕರು ಮೂರೂ ತರಗತಿಯ ಗಣಿತದ ಜೊತೆಗೆ ವಿಜ್ಞಾನದ ಭೌತಶಾಸ್ತ್ರ ಭಾಗವನ್ನು ನೋಡಿಕೊಳ್ಳುತ್ತಾರೆ. ಸಿಬಿಝಡ್ (ರಸಾಯನ-ಸಸ್ಯ-ಪ್ರಾಣಿಶಾಸ್ತ್ರ ಓದಿದ) ಶಿಕ್ಷಕರದ್ದು ರಸಾಯನಶಾಸ್ತ್ರ, ಜೀವಶಾಸ್ತ್ರ. ಇವರಲ್ಲಿ ಒಬ್ಬರ ಹುದ್ದೆ ಖಾಲಿ ಬಿದ್ದರೆ ಇಡೀ ಪಟ್ಟಿ ಅಲ್ಲಾಡುತ್ತದೆ. ಉಳಿದ ಕಾಯಂ ಶಿಕ್ಷಕರನ್ನು ಮೊದಲು ಹತ್ತಕ್ಕೆ ಕೊಡುತ್ತಾರೆ, ಏಕೆಂದರೆ ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆಯ ಉಪನಿರ್ದೇಶಕರು) ಕಚೇರಿಯ ಸಭೆಯಲ್ಲಿ ಕೇಳುವುದು ಹತ್ತನೆಯದರ ಲೆಕ್ಕ. ಆಮೇಲೆ ಒಂಬತ್ತು. ಎಂಟನೆಯವರು ಅತಿಥಿ ಶಿಕ್ಷಕರಿಗಾಗಿ ಕಾಯಬೇಕು. ಶಾಲೆ ಜೂನ್ ಹೊತ್ತಿಗೆ ಶುರುವಾದರೂ ಅತಿಥಿ ಶಿಕ್ಷಕರ ಆದೇಶ ಬಂದು, ಅರ್ಜಿ ಕರೆದು, ಅವರು ಕ್ಲಾಸಿಗೆ ಕಾಲಿಡುವಾಗ ಕೆಲವು ವಾರಗಳು ಕಳೆದಿರುತ್ತವೆ. ಆ ವಾರಗಳಲ್ಲೇ ನಮ್ಮಲ್ಲಿ ಜಡಿಮಳೆ, ಜಿಲ್ಲಾಧಿಕಾರಿಗಳ ರಜೆ ಘೋಷಣೆ. ರಜೆಯನ್ನು ಶನಿವಾರ ಮಧ್ಯಾಹ್ನ ಕ್ಲಾಸು ನಡೆಸಿ ತುಂಬಿಕೊಡುತ್ತಾರಾದರೂ, ತುಂಬಿಕೊಡಲು ಶಿಕ್ಷಕರು ಇರಬೇಕಲ್ಲ.

ಆದ್ದರಿಂದ ಶಾಲೆಗೆ ಹೋದಾಗ ಕೇಳಬೇಕಾದ ಮೊದಲ ಪ್ರಶ್ನೆ: ‘ಎಂಟಕ್ಕೆ ಗಣಿತ ಯಾರು ತೆಗೆದುಕೊಳ್ಳುತ್ತಾರೆ? ಅವರು ಕಾಯಮ್ಮಾ, ಅತಿಥಿಯಾ, ಬೇರೆ ಶಾಲೆಯಿಂದ ವಾರಕ್ಕೆ ಮೂರು ದಿನ ನಿಯೋಜನೆಯ ಮೇಲೆ ಬರುವವರಾ?’ ಅತಿಥಿ ಶಿಕ್ಷಕರೆಂದರೆ ಕಳಪೆಯೆಂದಲ್ಲ. ಬಿ.ಇಡಿ. ಮುಗಿಸಿ ಬಂದ ಎಳೆಯರು ಹಲವು ಕಡೆ ಕಾಯಂನವರಿಗಿಂತ ಚೆನ್ನಾಗಿ ಕಲಿಸುತ್ತಾರೆ. ತೊಂದರೆ ಏನೆಂದರೆ ಅವರು ಮಾರ್ಚ್‌ವರೆಗೆ ಮಾತ್ರ. ಮುಂದಿನ ಜೂನ್‌ನಲ್ಲಿ ಮಗುವಿನ ದೌರ್ಬಲ್ಯ ಬಲ್ಲವರು ಶಾಲೆಯಲ್ಲಿ ಇರುವುದಿಲ್ಲ.

ಎಂಟನೇ ತರಗತಿಯ ಆರಂಭದಲ್ಲಿ ಸೇತುಬಂಧ ಎಂಬ ವ್ಯವಸ್ಥೆಯಿದೆ. ಒಳ್ಳೆಯ ಯೋಚನೆ. ಮೊದಲು ಪೂರ್ವ ಪರೀಕ್ಷೆ, ಹಿಂದಿನ ತರಗತಿಯ ಯಾವ ಕಲಿಕೆ ಬಿಟ್ಟುಹೋಗಿದೆ ಎಂಬ ಪಟ್ಟಿ, ಅದಕ್ಕೆ ತಕ್ಕ ಬೋಧನೆ, ಕೊನೆಗೆ ಸಾಫಲ್ಯ ಪರೀಕ್ಷೆ. ಹೈಸ್ಕೂಲಿಗೆ ನಾಲ್ಕೈದು ಊರಿನ ಹಿರಿಯ ಪ್ರಾಥಮಿಕ ಶಾಲೆಗಳಿಂದ ಮಕ್ಕಳು ಬರುವುದರಿಂದ ಇದು ಬೇಕೇಬೇಕು. ಒಬ್ಬನಿಗೆ ಋಣಸಂಖ್ಯೆಗಳ ಗುಣಾಕಾರ ಬರುತ್ತದೆ, ಪಕ್ಕದವನಿಗೆ ಛೇದ ಬೇರೆಯಿರುವ ಭಿನ್ನರಾಶಿ ಕೂಡಿಸಲು ಬಾರದು. ಈ ಎರಡು ಗಟ್ಟಿಯಾಗದೆ ಬೀಜೋಕ್ತಿಗಳಿಗೆ ಹೋದರೆ ಮುಂದಿನ ಮೂರು ವರ್ಷವೂ ಮಗು ಬೋರ್ಡ್ ನೋಡಿ ನಕಲು ಮಾಡುತ್ತದೆ, ಅಷ್ಟೆ. ಕೆಡುವುದು ಎಲ್ಲಿ ಎಂದರೆ, ಸೇತುಬಂಧದ ದಾಖಲೆ ಅಚ್ಚುಕಟ್ಟಾಗಿ ತಯಾರಾಗುತ್ತದೆ, ಬೋಧನೆ ಮಾತ್ರ ಎಲ್ಲರಿಗೂ ಒಂದೇ ಪಾಠವಾಗಿ ಮುಗಿಯುತ್ತದೆ. ಮಗುವಿನ ಪೂರ್ವ ಪರೀಕ್ಷೆಯ ಉತ್ತರಪತ್ರಿಕೆ ತೋರಿಸಿ ಎಂದು ಜೂನ್ ಕೊನೆಯಲ್ಲಿ ಕೇಳಿ. ‘ಇವಳಿಗೆ ಭಿನ್ನರಾಶಿ ತೊಂದರೆ, ಬೆಳಗ್ಗೆ ಕೂರಿಸುತ್ತಿದ್ದೇವೆ’ ಎಂದು ಶಿಕ್ಷಕರು ಹೇಳಿದರೆ ಆ ಶಾಲೆಯನ್ನು ನಂಬಬಹುದು.

ಗಣಿತ, ವಿಜ್ಞಾನಕ್ಕೆ ಈಗ ಇರುವುದು ಎನ್‌ಸಿಇಆರ್‌ಟಿ ಪಠ್ಯ. ಕನ್ನಡ ಮಾಧ್ಯಮದಲ್ಲಿ ಅದರ ಅನುವಾದ. ಕನ್ನಡ ಮಾಧ್ಯಮವೋ ಇಂಗ್ಲಿಷ್ ಮಾಧ್ಯಮವೋ ಎಂಬ ಜಗಳಕ್ಕೆ ಇಲ್ಲಿ ಹೋಗುವುದು ಬೇಡ, ಒಂದು ಮಾತು ಸಾಕು. ಏಳರವರೆಗೆ ಕನ್ನಡದಲ್ಲಿ ಓದಿದ ಮಗುವನ್ನು ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರೆ, ಹೊಸ ಶಾಲೆ, ಹೊಸ ಭಾಷೆ, ಹೊಸ ಬೀಜಗಣಿತ ಮೂರೂ ಒಂದೇ ಜೂನ್‌ನಲ್ಲಿ ಮೈಮೇಲೆ ಬರುತ್ತವೆ. ಪಿಯುಸಿ ವಿಜ್ಞಾನದ ಯೋಚನೆಯಿದ್ದರೆ ಕನ್ನಡದಲ್ಲೇ ಓದುತ್ತ ಪ್ರತಿ ಪಾಠದ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಯಲ್ಲಿ ಬರೆಸುವ ಶಿಕ್ಷಕರಿರುವ ಶಾಲೆ ಮೇಲು. ದ್ಯುತಿಸಂಶ್ಲೇಷಣೆಯ ಪಕ್ಕದಲ್ಲಿ ಫೋಟೊಸಿಂಥೆಸಿಸ್ ಎಂದು ಬರೆದ ನೋಟ್ಸ್ ಇದೆಯೇ ಎಂದು ಒಂಬತ್ತನೆಯ ಯಾವ ಮಗುವಿನ ಪುಸ್ತಕ ತೆರೆದರೂ ಗೊತ್ತಾಗುತ್ತದೆ.

ಭಾಷೆಗಳ ವಿಷಯ ನಮ್ಮ ಜಿಲ್ಲೆಗಳಲ್ಲಿ ಸ್ವಲ್ಪ ಬೇರೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಅಥವಾ ಕುಂದಗನ್ನಡ. ಮಲ್ಪೆಯ ಕಡೆ ಶಾಲೆಗಳಲ್ಲಿ ಉತ್ತರ ಕರ್ನಾಟಕದಿಂದ ಬಂದ ಕೂಲಿಕಾರರ ಮಕ್ಕಳೂ ಇರುತ್ತಾರೆ. ಇಷ್ಟರ ಮೇಲೆ ಮೂರು ಭಾಷಾ ವಿಷಯ. ಮೂರನೆಯದಾಗಿ ಹೆಚ್ಚಿನವರು ಹಿಂದಿ ಓದುತ್ತಾರೆ. 2010-11ರಿಂದ ತುಳುವಿಗೂ ಅವಕಾಶವಿದೆ, ಪಠ್ಯ ಕನ್ನಡ ಲಿಪಿಯಲ್ಲಿ. ಆದರೆ ತುಳು ಪಠ್ಯ ಆರನೇ ತರಗತಿಯಿಂದ ಶುರುವಾಗುವುದರಿಂದ, ಹೈಸ್ಕೂಲಿಗೆ ಬಂದ ಮೇಲೆ ಯೋಚಿಸಿದರೆ ತಡ. ಕಲಿಸುವವರು ಇರುವ ಶಾಲೆಗಳೂ ಬೆರಳೆಣಿಕೆಯವು. ಕೆಲವು ಸರ್ಕಾರಿ ಹೈಸ್ಕೂಲುಗಳಲ್ಲಿ ಒಂಬತ್ತನೆಯಿಂದ ಮೂರನೇ ಭಾಷೆಯ ಬದಲು ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ವೃತ್ತಿ ವಿಷಯ ಆರಿಸಿಕೊಳ್ಳಬಹುದು: ಐಟಿ, ಆಟೊಮೊಬೈಲ್, ರೀಟೇಲ್, ಬ್ಯೂಟಿ ಆ್ಯಂಡ್ ವೆಲ್‌ನೆಸ್ ಇತ್ಯಾದಿ. ಪಿಯುಸಿಯಲ್ಲಿ ಇರುವುದು ಎರಡೇ ಭಾಷೆ. ಅಲ್ಲಿ ಹಿಂದಿ ತೆಗೆದುಕೊಳ್ಳುವ ಯೋಚನೆ ಇಲ್ಲವಾದರೆ ಈ ಆಯ್ಕೆಯಿಂದ ನಷ್ಟವಿಲ್ಲ. ಉಪಕರಣಗಳು ಕಪಾಟಿನಲ್ಲಿ ಬೀಗ ಹಾಕಿಕೊಂಡಿವೆಯೋ, ಮಕ್ಕಳ ಕೈಗೆ ಬರುತ್ತವೆಯೋ ಎಂದು ಮಾತ್ರ ಕಣ್ಣಾರೆ ನೋಡಿ.

ಇನ್ನು ಹತ್ತನೇ ತರಗತಿ. ಇಲ್ಲಿ ಸರ್ಕಾರಿ ಹೈಸ್ಕೂಲಿಗೆ ಧಾರಾಳವಾಗಿ ಅಂಕ ಕೊಡಬೇಕು. ಬೆಳಗ್ಗೆ, ಸಂಜೆ ಸ್ಪೆಶಲ್ ಕ್ಲಾಸು, ಮನೆ ಹತ್ತಿರದ ಮಕ್ಕಳನ್ನು ಸೇರಿಸಿ ಗುಂಪು ಅಧ್ಯಯನ, ನಸುಕಿಗೆ ಫೋನ್ ಮಾಡಿ ಎಬ್ಬಿಸುವ ಶಿಕ್ಷಕರು, ಒಂದೊಂದು ಶಿಕ್ಷಕರಿಗೆ ಇಂತಿಷ್ಟು ಮಕ್ಕಳೆಂದು ದತ್ತು. ದುಡ್ಡು ಕೊಟ್ಟರೂ ಟ್ಯೂಶನ್‌ನಲ್ಲಿ ಸಿಗದ ಕಾಳಜಿ ಇದು.

ಲೆಕ್ಕ ಹೀಗೆ. ಒಟ್ಟು 625 ಅಂಕ. ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ತಲಾ 100. ಇದರಲ್ಲಿ ಲಿಖಿತ ಪರೀಕ್ಷೆಗೆ 500, ಶಾಲೆಯೇ ಕೊಡುವ ಆಂತರಿಕ ಅಂಕ 125. ಪಾಸಾಗಲು 2025-26ರಿಂದ ಒಟ್ಟು ಶೇ. 33, ಅಂದರೆ 206 ಬೇಕು, ಪ್ರತಿ ವಿಷಯದಲ್ಲೂ ಕನಿಷ್ಠ ಶೇ. 30 ಇರಬೇಕು. ಮಕ್ಕಳನ್ನು ದಡ ಸೇರಿಸುವ ‘ಪಾಸಿಂಗ್ ಪ್ಯಾಕೇಜ್’ ಕೆಲಸ ಮಾಡುವುದು ಪ್ರಶ್ನೆಪತ್ರಿಕೆಯ ನೀಲನಕ್ಷೆಯನ್ನು ನಂಬಿ. ಗಣಿತವನ್ನೇ ತೆಗೆದುಕೊಳ್ಳಿ: 80 ಅಂಕಕ್ಕೆ 38 ಪ್ರಶ್ನೆ. ಬಹು ಆಯ್ಕೆಯವು 8, ಒಂದಂಕದವು 8, ಎರಡಂಕದವು 8, ಮೂರಂಕದವು 9, ನಾಲ್ಕಂಕದವು 4, ಐದಂಕದ್ದು ಒಂದೇ. ರೇಖಾತ್ಮಕ ಸಮೀಕರಣಗಳ ಜೋಡಿಯ ನಕ್ಷೆ, ಥೇಲ್ಸ್ ಪ್ರಮೇಯ, ಸರಾಸರಿ-ಮಧ್ಯಾಂಕ-ಬಹುಲಕ, ಸೂತ್ರ ಹಾಕಿದರೆ ಬರುವ ಸಮಾಂತರ ಶ್ರೇಢಿ. ಇಷ್ಟನ್ನು ತಪ್ಪಿಲ್ಲದೆ ಮಾಡುವ ಮಗು ಫೇಲಾಗುವುದಿಲ್ಲ. ವಿಜ್ಞಾನದಲ್ಲಿ ಇದೇ ಕೆಲಸವನ್ನು ಚಿತ್ರಗಳು ಮಾಡುತ್ತವೆ: ಹೃದಯ, ಕಣ್ಣು, ನೆಫ್ರಾನ್.

ಇದರ ದೋಷವೂ ಇಲ್ಲೇ ಇದೆ. ಪ್ಯಾಕೇಜ್ ಇರುವುದು ಮುಳುಗುವವರಿಗೆ. 50-60 ಅಂಕದ ಮಗು ಅದೇ ಕೋಣೆಯಲ್ಲಿ ಅದೇ ನಕ್ಷೆಯನ್ನು ಹತ್ತನೇ ಬಾರಿ ಬಿಡಿಸುತ್ತ ಕೂತಿರುತ್ತದೆ. ತ್ರಿಕೋನಮಿತಿಯ ಅನ್ವಯಕ್ಕೂ ವೃತ್ತಗಳ ಕಷ್ಟದ ಲೆಕ್ಕಕ್ಕೂ ಸಮಯ ಸಿಗುವುದಿಲ್ಲ. ಇಂಥ ಮಗು ಪಾಸಾಗುತ್ತದೆ, ಪ್ರಥಮ ಪಿಯುಸಿ ವಿಜ್ಞಾನದಲ್ಲಿ ಸಿಕ್ಕಿಬೀಳುತ್ತದೆ. ಸ್ಪೆಶಲ್ ಕ್ಲಾಸಿನಲ್ಲಿ ಎರಡು ಗುಂಪು ಮಾಡುತ್ತೀರಾ ಎಂದು ಕೇಳಿ. ಇಬ್ಬರು ಶಿಕ್ಷಕರಿದ್ದರೆ ಸಾಧ್ಯ, ಒಬ್ಬರೇ ಇದ್ದರೆ ಪಾಪ, ಅವರೇನು ಮಾಡಿಯಾರು?

ಪ್ರಥಮ ಭಾಷೆ ಬಿಟ್ಟು ಉಳಿದ ಪ್ರತಿ ವಿಷಯದ ಆಂತರಿಕ 20ನ್ನು ಹೆತ್ತವರು ಹಗುರವಾಗಿ ತೆಗೆದುಕೊಳ್ಳುವುದುಂಟು. ಅದು ವರ್ಷದುದ್ದಕ್ಕೂ ಚಟುವಟಿಕೆ, ಕಿರುಪರೀಕ್ಷೆಯಾಗಿ ನಡೆಯುವ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳಲ್ಲಿ ಬರುವ ಅಂಕ. ತಲಾ 50ರಂತೆ 200ಕ್ಕೆ ಲೆಕ್ಕ ಹಾಕಿ 20ಕ್ಕೆ ಇಳಿಸುತ್ತಾರೆ. ಜಾತ್ರೆ, ಮದುವೆ ಎಂದು ಮಗುವನ್ನು ವಾರಗಟ್ಟಲೆ ಊರಿಗೆ ಕರೆದೊಯ್ದರೆ ಚಟುವಟಿಕೆ ತಪ್ಪುತ್ತದೆ. ಶೇ. 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೇ ಕುತ್ತು. ಮೊದಲ ಸಲ ಜಾರಿದರೆ ಪರೀಕ್ಷೆ-2, ಪರೀಕ್ಷೆ-3 ಇವೆ. 2023-24ರಿಂದ ಮೂರು ಅವಕಾಶ, ಹೆಚ್ಚು ಬಂದ ಅಂಕ ಉಳಿಸಿಕೊಳ್ಳಬಹುದು. ಎರಡನೆಯದಕ್ಕೆ ಬೇಸಿಗೆ ರಜೆಯಲ್ಲೂ ಮಕ್ಕಳನ್ನು ಕರೆದು ಕೂರಿಸುವ ಶಾಲೆಗಳಿವೆ. ಕೇಳಿ ತಿಳಿದುಕೊಳ್ಳಿ.

ಊಟದ ಬಗ್ಗೆ ದೂರು ಕಡಿಮೆ. ಹೈಸ್ಕೂಲು ಮಗುವಿಗೆ ದಿನಕ್ಕೆ 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ ಲೆಕ್ಕ. 18 ಗ್ರಾಂ ಪುಡಿಯಿಂದ ಮಾಡಿದ 150 ಮಿ.ಲೀ. ಹಾಲು. ಮೊಟ್ಟೆ ಬೇಡವೆಂದರೆ ಬಾಳೆಹಣ್ಣು. ಮನೆಯಲ್ಲಿ ಕುಚ್ಚಲಕ್ಕಿ ಉಂಡ ಮಕ್ಕಳಿಗೆ ಬೆಳ್ತಿಗೆ ಅನ್ನ ಮೊದಮೊದಲು ರುಚಿಸದು, ಒಂದು ತಿಂಗಳಲ್ಲಿ ಒಗ್ಗುತ್ತದೆ. ಸಾಂಬಾರು ಗಟ್ಟಿಯಾಗಿದೆಯೇ ಎಂಬುದು ಎಸ್‌ಡಿಎಂಸಿಯ (ಹೆತ್ತವರೇ ಇರುವ ಶಾಲಾಭಿವೃದ್ಧಿ ಸಮಿತಿ) ಚುರುಕಿನ ಅಳತೆಗೋಲು; ಊರವರು ತೆಂಗಿನಕಾಯಿ, ಬಸಳೆ, ಸೌತೆ ಕೊಡುವ ಶಾಲೆಯ ಸಾಂಬಾರೇ ಬೇರೆ. ವಾರಕ್ಕೊಂದು ನೀಲಿ ಕಬ್ಬಿಣಾಂಶದ ಮಾತ್ರೆಯೂ ಕೊಡುತ್ತಾರೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರುತ್ತದೆ, ಊಟದ ಮೇಲೆಯೇ ನುಂಗಬೇಕು.

ದುಡ್ಡಿನ ನೆರವಿನಲ್ಲಿ ಕೈತಪ್ಪುವುದು ಹೆಚ್ಚಾಗಿ ಎನ್‌ಎಂಎಂಎಸ್ ಎಂಬ ಕೇಂದ್ರದ ವಿದ್ಯಾರ್ಥಿವೇತನ. ಎಂಟನೆಯಲ್ಲಿರುವಾಗಲೇ ಬರೆಯಬೇಕಾದ ಪರೀಕ್ಷೆ. ಬೌದ್ಧಿಕ ಸಾಮರ್ಥ್ಯಕ್ಕೆ 90, ಪಠ್ಯ ವಿಷಯಕ್ಕೆ 90 ಅಂಕ. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಸರ್ಕಾರಿ, ಅನುದಾನಿತ ಶಾಲೆಯವರಿಗೆ ಮಾತ್ರ ಇರುವ ಈ ಸೌಲಭ್ಯಕ್ಕೆ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿಸುವ ಶಾಲೆ ಯಾವುದು, ಅರ್ಜಿ ಮಾತ್ರ ತುಂಬಿಸುವ ಶಾಲೆ ಯಾವುದು ಎಂಬುದರಲ್ಲೇ ಎಂಟನೇ ತರಗತಿಯ ಮೇಲಿನ ಕಾಳಜಿ ಗೊತ್ತಾಗುತ್ತದೆ. ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನ ವಿದ್ಯಾರ್ಥಿವೇತನದ್ದು ಬೇರೆ ಕಿರಿಕಿರಿ. ಮಂಜೂರಾದರೂ ಖಾತೆಗೆ ಬರುವುದಿಲ್ಲ. ಕಾರಣ ಹೆಚ್ಚಾಗಿ ಎರಡು: ಆಧಾರ್‌ನಲ್ಲೊಂದು ಹೆಸರು, ಶಾಲೆಯ ಎಸ್‌ಎಟಿಎಸ್ (ವಿದ್ಯಾರ್ಥಿಗಳ ಆನ್‌ಲೈನ್ ನೋಂದಣಿ) ದಾಖಲೆಯಲ್ಲಿ ಇನ್ನೊಂದು, ಇಲ್ಲವೇ ಬ್ಯಾಂಕ್ ಖಾತೆ ಆಧಾರ್ ಮೂಲಕ ಎನ್‌ಪಿಸಿಐಗೆ (ಹಣ ಪಾವತಿ ನಿರ್ವಹಿಸುವ ಸಂಸ್ಥೆ) ಜೋಡಣೆಯಾಗಿಲ್ಲ. ಮೊದಲನೆಯದನ್ನು ಶಾಲೆಯಲ್ಲಿ, ಎರಡನೆಯದನ್ನು ಬ್ಯಾಂಕಿನಲ್ಲಿ ಸರಿಮಾಡಿಸಬೇಕು. ಶಿಕ್ಷಕರನ್ನು ಬೈದು ಪ್ರಯೋಜನವಿಲ್ಲ.

ಅಂಗವೈಕಲ್ಯವಿರುವ ಮಕ್ಕಳಿಗೆ ಪರೀಕ್ಷೆಯಲ್ಲಿ ಬರೆದುಕೊಡುವವರ ನೆರವು, ಹೆಚ್ಚುವರಿ ಸಮಯ ಸಿಗುತ್ತದೆ. ವೈದ್ಯಕೀಯ ಪ್ರಮಾಣಪತ್ರವನ್ನು ಎಂಟರಲ್ಲೇ ಮಾಡಿಸಿಡಿ. ಹತ್ತನೆಯ ನೋಂದಣಿಯ ಹೊತ್ತಿಗೆ ಓಡಾಡಿದರೆ ಆಗುವುದಿಲ್ಲ. ಕಲಿಕಾ ನ್ಯೂನತೆಯನ್ನು ಗುರುತಿಸುವುದರಲ್ಲಿ ಮಾತ್ರ ನಮ್ಮ ಶಾಲೆಗಳು ಹಿಂದೆ. ಅಕ್ಷರ ತಿರುಗಿಸಿ ಬರೆಯುವ ಮಗುವನ್ನು ಸೋಮಾರಿ ಎನ್ನುವುದು ಇನ್ನೂ ನಿಂತಿಲ್ಲ.

ಪ್ರಯೋಗಾಲಯದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಹೆಚ್ಚಿನ ಕಡೆ ಇದೆ, ಧೂಳು ಎಷ್ಟಿದೆ ಎಂಬುದರಲ್ಲಿ ವ್ಯತ್ಯಾಸ. ಅದಕ್ಕಿಂತ ಯಕ್ಷಗಾನದ ಮಾತು ಹೇಳಬೇಕು. ಉಡುಪಿಯ ಯಕ್ಷ ಶಿಕ್ಷಣ ಟ್ರಸ್ಟ್ ಹೈಸ್ಕೂಲು ಮಕ್ಕಳಿಗೆ ಗುರುಗಳನ್ನಿಟ್ಟು ಹೆಜ್ಜೆ, ಮಾತುಗಾರಿಕೆ ಕಲಿಸಿ, ವರ್ಷದ ಕೊನೆಯಲ್ಲಿ ವೇಷ ಕಟ್ಟಿಸಿ ರಂಗಕ್ಕೆ ಹತ್ತಿಸುತ್ತದೆ. ಕ್ಲಾಸಿನಲ್ಲಿ ಬಾಯಿಬಿಡದ ಹುಡುಗಿ ದೇವೇಂದ್ರನ ವೇಷದಲ್ಲಿ ಹತ್ತು ನಿಮಿಷ ತಡವರಿಸದೆ ಮಾತಾಡುವುದನ್ನು ನೋಡಿದರೆ, ಕನ್ನಡ ಕಲಿಸಲು ಇದಕ್ಕಿಂತ ಒಳ್ಳೆಯ ದಾರಿ ಇದೆಯೇ ಎನ್ನಿಸುತ್ತದೆ. ಪಿ.ಟಿ. ಮಾಸ್ಟ್ರಿಲ್ಲದ ಶಾಲೆಯಲ್ಲಿ ಮೈದಾನ ಹಾಳು ಬಿದ್ದಿರುತ್ತದೆ. ಅದನ್ನು ಗೇಟಿನಿಂದಲೇ ಕಾಣಬಹುದು.

ಸೇರಿಸುವುದೇ ಎಂದಾದರೆ ಏಳನೆಯ ಟಿ.ಸಿ., ಅಂಕಪಟ್ಟಿ, ಮಗುವಿನ ಮತ್ತು ಹೆತ್ತವರ ಆಧಾರ್, ಜಾತಿ-ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಹಿಡಿದುಕೊಂಡು ಹೋಗಿ. ಹಳೆಯ ಶಾಲೆಯವರು ಎಸ್‌ಎಟಿಎಸ್‌ನಲ್ಲಿ ಮಗುವನ್ನು ಬಿಟ್ಟುಕೊಟ್ಟಿದ್ದಾರೆಯೇ ಎಂದು ಮೊದಲೇ ವಿಚಾರಿಸಿ. ಇಲ್ಲದಿದ್ದರೆ ಹೊಸ ಶಾಲೆಯ ಹಾಜರಿಯಲ್ಲಿ ಹೆಸರಿದ್ದರೂ ಆನ್‌ಲೈನ್‌ನಲ್ಲಿ ಇರುವುದಿಲ್ಲ. ದಾಖಲಾತಿ ಪುಸ್ತಕದಲ್ಲಿ ಹೆಸರು, ಇನಿಶಿಯಲ್, ಹುಟ್ಟಿದ ದಿನಾಂಕ ಬರೆಯುವಾಗ ಪಕ್ಕದಲ್ಲೇ ನಿಂತು ಅಕ್ಷರ ಅಕ್ಷರ ಓದಿ. ಮೂರು ವರ್ಷದ ಮೇಲೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಚ್ಚಾಗುವುದು ಅದೇ ಹೆಸರು.