ಫೆಂಡರ್ ಕತ್ತರಿಸಿ ಫ್ಲೇರ್ ಹಾಕಿಸುವವರೇ, ಒಳ ತಗಡನ್ನು ಮರೆಯಬೇಡಿ

ಮೊದಲು ಕಂಡದ್ದು ಡಿಕ್ಕಿಯಲ್ಲಿ ನೀರು. ಸ್ಟೆಪ್ನಿ ಇಡುವ ಗುಂಡಿಯಲ್ಲಿ ಎರಡು ಬೆರಳಷ್ಟು ನಿಂತಿತ್ತು. ಡಿಕ್ಕಿಯ ರಬ್ಬರ್ ಬೀಡಿಂಗ್ ಬದಲಿಸಿದರೂ ನಿಲ್ಲಲಿಲ್ಲ. ಆಮೇಲೆ ಗಾಜು ಮುಚ್ಚಿ ಓಡಿಸುವಾಗ ಒಳಗೆ ಹೊಗೆಯ ವಾಸನೆ, ಚಕ್ರದ ಮೇಲೆ ಹೊರಚಾಚಿ ಕೂರುವ ಫ್ಲೇರ್ ಅಂಚಿನ ಬಣ್ಣದಲ್ಲಿ ಬಿರುಕು. ವೈಡ್‌ಬಾಡಿ ಕೆಲಸ, ಅಂದರೆ ಅಗಲ ಚಕ್ರಕ್ಕಾಗಿ ಫೆಂಡರ್ (ಚಕ್ರದ ಮೇಲಿನ ಹೊರ ತಗಡು) ಕತ್ತರಿಸಿ ಫ್ಲೇರ್ ಹಾಕುವ ಕೆಲಸ, ಮುಗಿಸಿ ಒಂದೇ ಮಳೆಗಾಲ ಕಂಡಿದ್ದ ಸೆಡಾನ್ ಅದು.

ಹಿಂದಿನ ಫೈಬರ್ ಫ್ಲೇರ್ ಬಿಚ್ಚಿದಾಗ ಕಾರಣ ಸಿಕ್ಕಿತು. ಚಕ್ರದ ಕಮಾನನ್ನು ಗ್ರೈಂಡರ್‌ನಿಂದ 50 ಮಿ.ಮೀ. ಮೇಲಕ್ಕೆ ಕತ್ತರಿಸಿ ಹಾಗೇ ಬಿಟ್ಟಿದ್ದರು. ಹೊರ ತಗಡಿಗೂ ಒಳ ತಗಡಿಗೂ ನಡುವೆ ಬಾಯಿ ತೆರೆದಿದ್ದ ಸಂದಿಗೆ ಸ್ಪ್ರೇ ಫೋಮ್ ತುಂಬಿ, ಮೇಲೆ ಬಾತ್‌ರೂಮಿಗೆ ಬಳಿಯುವ ಸಿಲಿಕೋನ್ ಎಳೆದಿದ್ದರು. ಫೋಮ್ ಸ್ಪಂಜಿನಂತೆ ನೀರು ಹಿಡಿದುಕೊಂಡಿತ್ತು. ಹುಳಿ ವಾಸನೆಯ ಆ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಬಣ್ಣವಿಲ್ಲದ ತಗಡಿಗೆ ಅದು ಸೋಕಿದರೆ ತುಕ್ಕಿಗೆ ಬಾಗಿಲು ತೆರೆದಂತೆಯೇ. ಸೆಲ್ಫ್ ಟ್ಯಾಪಿಂಗ್ ಸ್ಕ್ರೂ ಹೊಕ್ಕ ಒಂದೊಂದು ತೂತಿನ ಸುತ್ತಲೂ ತುಕ್ಕಿನ ಉಂಗುರ.

ಹಿಂದಿನ ಫೆಂಡರ್ ಮುಂದಿನದರಂತೆ ಬೋಲ್ಟ್ ಬಿಚ್ಚಿ ತೆಗೆಯುವ ಭಾಗವಲ್ಲ, ಬಾಡಿಯದೇ ಅಂಗ. ಹೊರ ತಗಡು ಮತ್ತು ವೀಲ್ ಟಬ್ ಎನ್ನುವ ಒಳ ತಗಡು ಕಮಾನಿನ ಅಂಚಿನಲ್ಲಿ ಒಂದರ ಮೇಲೊಂದು ಕೂತು, ಸಾಲಾಗಿ ಸ್ಪಾಟ್ ವೆಲ್ಡ್ (ಚುಕ್ಕಿ ಬೆಸುಗೆ) ಆಗಿರುತ್ತವೆ. ಆ ಅಂಚನ್ನು ಕತ್ತರಿಸಿದ ಕ್ಷಣವೇ ಎರಡೂ ಬೇರೆಯಾಗುತ್ತವೆ. ಅಲ್ಲಿಂದ ಮುಂದೆ ಟೈರ್ ಎರಚುವ ನೀರು, ಕೆಸರು, ಸೈಲೆನ್ಸರ್‌ನ ಹೊಗೆ ಎಲ್ಲಕ್ಕೂ ಡಿಕ್ಕಿಗೆ ನೇರ ದಾರಿ. ಆ ಭಾಗದ ಬಿಗಿಯೂ ಕುಂದುತ್ತದೆ. ಎರಡು ದಿನದಲ್ಲಿ ಕತ್ತರಿಸಿ ಅಂಟಿಸಿ ಕೊಡುತ್ತೇವೆ ಎನ್ನುವ ಗ್ಯಾರೇಜಿಗೆ ಗಾಡಿ ಬಿಡಲೇಬೇಡಿ.

ಸರಿಯಾದ ಕೆಲಸ ಹೀಗಿರುತ್ತದೆ. ಹಿಂದಿನ ಸೀಟು, ಡಿಕ್ಕಿಯ ಲೈನಿಂಗ್ ಪೂರ್ತಿ ಹೊರಗೆ. ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಬೇಕು. ಪೆಟ್ರೋಲ್ ತುಂಬುವ ಕೊಳವೆ ಇರುವ ಬದಿಯಲ್ಲಿ ಅದನ್ನು ಕಳಚಿ ಬಾಯಿ ಮುಚ್ಚದೆ ಗ್ರೈಂಡರ್ ಆನ್ ಮಾಡಲೇಬಾರದು. ಮೊದಲು ಹೊರ ತಗಡನ್ನು ಮಾತ್ರ ಗುರುತಿನವರೆಗೆ ಕತ್ತರಿಸಿ. ಒಳ ತಗಡನ್ನು ಅದಕ್ಕಿಂತ 25ರಿಂದ 30 ಮಿ.ಮೀ. ಉದ್ದ ಉಳಿಸಿ, ಸುಮಾರು 25 ಮಿ.ಮೀ.ಗೊಂದು ಸೀಳು ಕೊಟ್ಟು, ಆ ನಾಲಗೆಗಳನ್ನು ಸುತ್ತಿಗೆಯಿಂದ ಮೇಲಕ್ಕೆ ಮಡಚಿ ಹೊರ ತಗಡಿಗೆ ತಾಗಿಸಬೇಕು. ತಾಗದ ಕಡೆ ಹೊಸ ತಗಡಿನ ಪಟ್ಟಿ ಹಾಕಿ. ವೆಲ್ಡಿಂಗ್ ಚುಕ್ಕಿ ಚುಕ್ಕಿಯಾಗಿ, ಒಂದು ಕಡೆ ಇಟ್ಟು ಇನ್ನೊಂದು ಕಡೆಗೆ ಹೋಗಿ, ತಣಿದ ಮೇಲೆ ಮತ್ತೆ ಬರಬೇಕು. ಒಂದೇ ಎಳೆತಕ್ಕೆ ಗೆರೆ ಎಳೆದರೆ ತೆಳು ತಗಡು ಸೊಟ್ಟಗಾಗುತ್ತದೆ, ಆಮೇಲೆ ಅದನ್ನು ಮುಚ್ಚಲು ಸೇರುಗಟ್ಟಲೆ ಪುಟ್ಟಿ. ನಂತರ ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್, ಸಂದು ಮುಚ್ಚುವ ಸೀಮ್ ಸೀಲರ್, ಬಣ್ಣ, ಕೊನೆಗೆ ಒಳಗಿನಿಂದ ತಗಡಿನ ಪೊಳ್ಳಿಗೆ ಹೊಡೆಯುವ ಕ್ಯಾವಿಟಿ ವ್ಯಾಕ್ಸ್. ಫ್ಲೇರ್ ಕೂರಿಸಲು ಸ್ಕ್ರೂ ಬೇಡ. ತಗಡಿನ ತೂತಿನಲ್ಲಿ ಕಚ್ಚಿ ಕೂರುವ ರಿವ್‌ನಟ್ ಹಾಕಿ ಎಂ5 ಅಥವಾ ಎಂ6 (5 ಅಥವಾ 6 ಮಿ.ಮೀ. ದಪ್ಪದ) ಬೋಲ್ಟ್ ಬಳಸಿ. ತೂತಿನ ಅಂಚಿಗೂ ಪ್ರೈಮರ್ ಮುಟ್ಟಿರಬೇಕು. ಬಣ್ಣ ಹೊಡೆಯುವ ಮುನ್ನ ಫ್ಲೇರ್ ಕೂರಿಸಿ ನೋಡಿ. ನಕಲು ಅಚ್ಚಿನ ಫೈಬರ್ ಕಿಟ್‌ಗಳಲ್ಲಿ ಎಡಕ್ಕೂ ಬಲಕ್ಕೂ ವ್ಯತ್ಯಾಸ ಬರುವುದುಂಟು. ಸೆಡಾನ್ ಆದರೆ ಹಿಂದಿನ ಬಾಗಿಲು ಪೂರ್ತಿ ತೆರೆಯುತ್ತದೆಯೇ ಎಂಬುದೂ ಈಗಲೇ ಗೊತ್ತಾಗಬೇಕು.

ಅಗಲ ಫೆಂಡರಿನ ಚೆಲುವನ್ನು ಅಲ್ಲಗಳೆಯುವ ಮಾತೇ ಇಲ್ಲ. 1970ರ ನಿಸ್ಸಾನ್ ಕೆಪಿಜಿಸಿ10 ಸ್ಕೈಲೈನ್ ಜಿಟಿ-ಆರ್‌ನ ಹಿಂದಿನ ಓವರ್‌ಫೆಂಡರ್ (ಫೆಂಡರ್ ಮೇಲಿನ ಫ್ಲೇರ್), ಬಿಎಂಡಬ್ಲ್ಯು ಇ30 ಎಂ3ಯ ಪೆಟ್ಟಿಗೆಯಾಕಾರದ ಕಮಾನು ಇವತ್ತಿಗೂ ಕಣ್ಣು ಹಿಡಿದು ನಿಲ್ಲಿಸುತ್ತವೆ. ಆದರೆ ಅವು ರೇಸಿಗಾಗಿ ಅಗಲ ಟೈರಿಗೆ ಜಾಗ ಮಾಡಲು ಹುಟ್ಟಿದವು. ಆದ್ದರಿಂದ ಚಕ್ರದ ಲೆಕ್ಕವೇ ಮೊದಲು, ಫ್ಲೇರ್ ಆಮೇಲೆ.

ಚಕ್ರದ ಅಗಲದ ನಡುಗೆರೆಯಿಂದ ಅದು ಹಬ್‌ಗೆ ಕೂರುವ ಮುಖಕ್ಕೆ ಎಷ್ಟು ಮಿ.ಮೀ. ಎಂಬುದೇ ಆಫ್‌ಸೆಟ್; ಅದು ಕಡಿಮೆಯಾದಷ್ಟೂ ಚಕ್ರ ಹೊರಗೆ ಬರುತ್ತದೆ. ಉದಾಹರಣೆಗೆ 8 ಇಂಚು ಅಗಲ, ಆಫ್‌ಸೆಟ್ 35ರ ಚಕ್ರ ತೆಗೆದು 9.5 ಇಂಚು, ಆಫ್‌ಸೆಟ್ 15ರದ್ದು ಹಾಕಿದರೆ, ಹೆಚ್ಚಿದ ಅಗಲದ ಅರ್ಧ 19 ಮತ್ತು ಆಫ್‌ಸೆಟ್‌ನಿಂದ 20, ಒಟ್ಟು 39 ಮಿ.ಮೀ. ಹೊರಗೆ ಬರುತ್ತದೆ. ಒಳಗಡೆ ಬಹುತೇಕ ಹಿಂದಿನಷ್ಟೇ ಜಾಗ. ಇದನ್ನು ನಿಂತ ಗಾಡಿಯಲ್ಲಿ ಅಳೆದರೆ ಸಾಲದು. ಸ್ಪ್ರಿಂಗ್ ಬಿಚ್ಚಿ, ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರವನ್ನು ಜಾಕ್‌ನಿಂದ ಬಂಪ್ ಸ್ಟಾಪ್ (ಸಸ್ಪೆನ್ಷನ್ ಮೇಲೇರುವುದನ್ನು ತಡೆಯುವ ರಬ್ಬರ್) ಮುಟ್ಟುವವರೆಗೆ ಎತ್ತಿ ನೋಡಿ. ಮುಂದಿನ ಚಕ್ರಗಳನ್ನು ಎರಡೂ ಕಡೆ ಪೂರ್ತಿ ತಿರುಗಿಸಿಯೂ ನೋಡಿ. ಆ ಸೆಡಾನ್‌ನಲ್ಲಿ ಯಾರೂ ಹೀಗೆ ನೋಡಿರಲಿಲ್ಲ. ಹಂಪ್ ದಾಟುವಾಗೆಲ್ಲ ಟೈರ್ ಫ್ಲೇರ್ ಅಂಚನ್ನು ಒದ್ದು, ಸ್ಕ್ರೂಗಳನ್ನು ಒಂದೊಂದಾಗಿ ಸಡಿಲಿಸಿತ್ತು. ಬಣ್ಣದ ಬಿರುಕು ಅದರಿಂದಲೇ. ಇಷ್ಟು ಹೊರಗೆ ಬಂದ ಚಕ್ರ ವೀಲ್ ಬೇರಿಂಗ್ ಮೇಲೂ ಹೆಚ್ಚು ಭಾರ ಹಾಕುತ್ತದೆ. ಚಕ್ರವನ್ನು ಹೊರಗೆ ತಳ್ಳಲು ನಡುವೆ ಇಡುವ ಸ್ಪೇಸರ್ ಬಳಸುವುದಾದರೆ, ಚಕ್ರ ಬಿಗಿಯುವ ಎಂ12 ಸ್ಟಡ್‌ನ ತಿರುಪಿನ ಎಳೆ ಕನಿಷ್ಠ 12 ಮಿ.ಮೀ. ನಟ್‌ನೊಳಗೆ ಕೂತಿರಲಿ.

ಭಾರತದಲ್ಲಿ ಕಾನೂನಿನ ತೊಡಕೂ ಇದೆ. ತಯಾರಕರ ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಆಧಾರದ ಮೇಲೆ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಅಕ್ರಮ ಮಾರ್ಪಾಡು ಒಂದಕ್ಕೆ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ತಗಡು ಕತ್ತರಿಸಿದ ಮೇಲೆ ಹಳೆಯ ರೂಪಕ್ಕೆ ಮರಳಬೇಕೆಂದರೆ ಇಡೀ ಕ್ವಾರ್ಟರ್ ಪ್ಯಾನೆಲ್ (ಹಿಂದಿನ ಫೆಂಡರ್ ಸೇರಿದ ಹೊರ ತಗಡು) ಬದಲಿಸಬೇಕು.

ಈಗಾಗಲೇ ವೈಡ್‌ಬಾಡಿ ಆಗಿರುವ ಗಾಡಿ ಕೊಳ್ಳುವವರು ಹಿಂದಿನ ಒಂದು ಫ್ಲೇರ್ ಬಿಚ್ಚಿ ತೋರಿಸಲು ಕೇಳಿ. ಒಪ್ಪದಿದ್ದರೆ ಡಿಕ್ಕಿಯ ಲೈನಿಂಗ್ ಸರಿಸಿ ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಿ, ಇನ್ನೊಬ್ಬರು ಚಕ್ರದ ಕಮಾನಿನೊಳಗೆ ಹತ್ತು ನಿಮಿಷ ಪೈಪಿನಿಂದ ನೀರು ಬಿಡಲಿ.